ಇಂಗಳದಾಳಿನ ತಾಮ್ರದ ಗುಡ್ಡಕ್ಕೆ ಮತ್ತೆ ಡ್ರಿಲ್ ಇಳಿಸುವ ಮುನ್ನ: ಒಂದು ಬಹಿರಂಗ ಪತ್ರ

ಗಣಿ, ಭೂವಿಜ್ಞಾನ ಮತ್ತು ಪುರಾತತ್ವದ ಹೊಣೆ ಹೊತ್ತಿರುವ ರಾಜ್ಯದ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೆ,

ಮೂರು ದಶಕಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಆ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲೂ ವಿದ್ಯಾರ್ಥಿಗಳ ಒಂದು ತಂಡವನ್ನು ಚಿತ್ರದುರ್ಗದ ಹತ್ತಿರದ ಇಂಗಳದಾಳಿನ ಗುಡ್ಡಗಳಿಗೆ ಕರೆದೊಯ್ದಿದ್ದೇನೆ. ಸರ್ಕಾರಕ್ಕೆ ಪತ್ರ ಬರೆಯುವ ಅಭ್ಯಾಸ ನನಗಿಲ್ಲ. ಈಗ ಬರೆಯುತ್ತಿರುವುದು ತಾಮ್ರದ ಹೆಸರು ಮತ್ತೆ ಕೇಳಿಬರುತ್ತಿರುವುದರಿಂದ. 2023ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವಿದೆ; ಅದೇ ವರ್ಷ ತಿದ್ದುಪಡಿಯಾದ ಗಣಿ ಮತ್ತು ಖನಿಜಗಳ ಕಾಯ್ದೆಯು 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸ ದಾರಿಯನ್ನು ತೆರೆದಿದ್ದು, ಅದರಲ್ಲಿಯೂ ತಾಮ್ರ ಸೇರಿದೆ. ಇದನ್ನು ನಾನು ವಿರೋಧಿಸುತ್ತಿಲ್ಲ. ಚಿತ್ರದುರ್ಗದ ಬೆಟ್ಟಸಾಲುಗಳ ನೆತ್ತಿಯಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳ ಜನರೇಟರಿನೊಳಗೂ ತಾಮ್ರದ ಸುರುಳಿಗಳೇ ಇವೆಯೆಂಬುದನ್ನು ತರಗತಿಯಲ್ಲಿ ಹೇಳಿಕೊಟ್ಟವನೇ ನಾನು. ನನ್ನ ಬೇಡಿಕೆ ಇಷ್ಟೇ: ಮುಚ್ಚಿಹೋದ ಈ ಸಣ್ಣ ಗಣಿಯ ಗುಡ್ಡಕ್ಕೆ ಯಾರೇ ಆಗಲಿ ಮತ್ತೆ ಡ್ರಿಲ್ ಇಳಿಸುವ ಮುನ್ನ, ಅಲ್ಲಿ ಈಗಾಗಲೇ ಏನಿದೆ, ಏನಾಗಿದೆ ಎಂಬುದನ್ನು ಸರಿಯಾಗಿ ಅಳೆದು, ಬರೆದು, ಸಾರ್ವಜನಿಕರ ಕೈಗೆ ಸಿಗುವಂತೆ ಇಡಬೇಕು.

ಚಿತ್ರದುರ್ಗಕ್ಕೆ ಬರುವವರೆಲ್ಲ ಏಳುಸುತ್ತಿನ ಕೋಟೆಯನ್ನು ನೋಡುತ್ತಾರೆ. ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಆ ದುಂಡು ಬಂಡೆಗಳನ್ನು ಕಂಡವರು ಮರೆಯುವುದಿಲ್ಲ. ಆದರೆ ಕೋಟೆಯ ಬೆನ್ನಿಗೆ, ಸ್ವಲ್ಪವೇ ದೂರದಲ್ಲಿ ಎದ್ದುಕೊಂಡಿರುವ ಸಾಲುಗುಡ್ಡಗಳ ಸ್ವಭಾವವೇ ಬೇರೆ. ಅವುಗಳ ಮೈ ನುಣುಪು, ಬಂಡೆಗಳು ಕಡಿಮೆ, ಕುರುಚಲು ಮತ್ತು ಬಾಧೆಹುಲ್ಲು ಹೆಚ್ಚು. ಅಲ್ಲಿನ ಕಲ್ಲು ಕಪ್ಪು ಹಸಿರು ಛಾಯೆಯ ಪದರಶಿಲೆ. ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುವ ಧಾರವಾಡ ಶಿಲಾಸಮೂಹದ ಭಾಗವದು. ಅದರಲ್ಲಿ ಲಾವಾದಿಂದಾದ ಒಂದು ಶಿಲಾಸ್ತೋಮಕ್ಕೆ ಇದೇ ಊರಿನ ಹೆಸರಿಟ್ಟು ‘ಇಂಗಳದಾಳ್ ಶಿಲಾಸ್ತೋಮ’ ಎಂದೇ ಪಠ್ಯಗಳಲ್ಲಿ ಬರೆಯುತ್ತೇವೆ. ಒಂದು ಹಳ್ಳಿಯ ಹೆಸರು ಭೂವಿಜ್ಞಾನದ ಪಠ್ಯದೊಳಗೆ ಸೇರುವುದು ಸಣ್ಣ ಸಂಗತಿಯಲ್ಲ.

ಆ ಗುಡ್ಡದ ಒಂದು ಇಳಿಜಾರಿನಲ್ಲಿ ನಾನು ವಿದ್ಯಾರ್ಥಿಗಳನ್ನು ನಿಲ್ಲಿಸಿ ಮಾತು ಶುರುಮಾಡುತ್ತಿದ್ದ ಒಂದು ಜಾಗವಿದೆ. ಅಲ್ಲಿ ಕಲ್ಲಿನ ಬಿರುಕಿನ ಉದ್ದಕ್ಕೂ ಬೆರಳಗಲದ ಹಸಿರು ಪಟ್ಟಿ. ಅದರ ಸುತ್ತ ಜಂಗು ಹಿಡಿದ ಕಬ್ಬಿಣದಂತಹ ಕಂದು ಕಲ್ಲು, ಒತ್ತಿದರೆ ಪುಡಿಯಾಗುತ್ತದೆ. ಮೊದಲ ದಿನ ಬಂದ ಹುಡುಗರು ಪಾಚಿಯೆಂದು ಉಗುರಿನಿಂದ ಕೆರೆದು ನೋಡುತ್ತಾರೆ, ಅದು ಬರುವುದಿಲ್ಲ. ಒಂದು ವರ್ಷ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಮಾತ್ರ, ‘ಸರ್, ಇದು ನಮ್ಮ ಮನೆ ತಾಮ್ರದ ಹಂಡೆಯ ಕಿಲುಬಿನ ಬಣ್ಣ’ ಎಂದಳು. ನಾನು ಅರ್ಧ ಗಂಟೆ ಹೇಳಬೇಕೆಂದಿದ್ದ ಪಾಠವನ್ನು ಆಕೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ನಿಜ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುವ ಹಂಡೆಯ ಹಸಿರು ಕಿಲುಬೂ ಬಂಡೆಯ ಮೇಲಿನ ಮ್ಯಾಲಕೈಟ್ ಎಂಬ ಈ ಖನಿಜವೂ ಹತ್ತಿರದ ನೆಂಟರು. ತಾಮ್ರವು ಗಾಳಿ, ನೀರು, ಇಂಗಾಲಾಮ್ಲದ ಜೊತೆ ಸೇರಿ ಆಗುವ ಕಾರ್ಬೊನೇಟ್ ಅದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡ 57ರಷ್ಟು, ಅದರಲ್ಲಿ ತಾಮ್ರವೇ.

ಈ ತಾಮ್ರ ಅಲ್ಲಿಗೆ ಬಂದ ಬಗೆಯನ್ನು ಹೇಳದೆ ಗುಡ್ಡದ ಬೆಲೆಯನ್ನು ಹೇಳಲಾಗದು. 250 ಕೋಟಿ ವರ್ಷಗಳಿಗೂ ಹಿಂದೆ ಈ ನೆಲ ಸಮುದ್ರದ ತಳವಾಗಿತ್ತು. ತಳದ ಬಿರುಕುಗಳಿಂದ ಉಕ್ಕಿದ ಲಾವಾ ನೀರಿಗೆ ಸೋಕಿದೊಡನೆ ಹೊರಮೈ ಗಟ್ಟಿಯಾಗಿ, ದಿಂಬುಗಳನ್ನು ಒಟ್ಟಿದಂತೆ ರಾಶಿಬಿತ್ತು. ಇದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ಆ ದಿಂಬು ಲಾವಾ ಇಂದಿಗೂ ಅಚ್ಚೊತ್ತಿದಂತಿದೆ; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಲಾವಾದ ಕಾವಿಗೆ ಬಿಸಿಯೇರಿದ ನೀರು ಬಂಡೆಗಳ ಸಂದುಗಳಲ್ಲಿ ಸುತ್ತಾಡಿ, ಅವುಗಳಲ್ಲಿದ್ದ ಲೋಹಗಳನ್ನು ಕರಗಿಸಿಕೊಂಡು, ತಣ್ಣಗಾದಲ್ಲಿ ಗಂಧಕದೊಡನೆ ಇಳಿಸಿಬಿಟ್ಟಿತು. ಹೀಗಾದದ್ದು ಚಾಲ್ಕೋಪೈರೈಟ್ ಎಂಬ ಹಿತ್ತಾಳೆ ಬಣ್ಣದ ತಾಮ್ರದ ಅದಿರು, ಜೊತೆಗೆ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್, ಪಿರೋಟೈಟ್ ಖನಿಜಗಳು, ಅಲ್ಲಲ್ಲಿ ಸತುವಿನ ಅದಿರು. ಆಮೇಲೆ ನೆಲ ಮಡಿಚಿತು, ಹಿಂಡಿತು, ಕೆಲವು ಕಡೆ ಕತ್ತರಿಸಿತು. ಪದರಗಳು ನೆಟ್ಟಗೆ ನಿಂತವು. ಅದಿರು ಅಗಲವಾದ ಹಾಸಾಗಿ ಉಳಿಯದೆ, ಬತ್ತಿದ ತೊರೆಯ ನೀರಿನಂತೆ ಇಲ್ಲಿಷ್ಟು ಅಲ್ಲಿಷ್ಟು ಎಳೆಯಾಗಿ ಉಳಿಯಿತು. ಇಂಗಳದಾಳಿನ ಗಣಿ ಯಾವಾಗಲೂ ಸಣ್ಣ ಗಣಿಯೇ ಆಗಿದ್ದಕ್ಕೆ ಮೂಲ ಕಾರಣ ಈ ಬಂಡೆಯ ರಚನೆಯಲ್ಲಿದೆ.

ಮಾನ್ಯರೆ, ಆ ಎಳೆಗಳನ್ನು ಮೊದಲು ಕಂಡುಕೊಂಡವರು ನಾವಲ್ಲ. ಹಟ್ಟಿ, ಕೋಲಾರ, ರಾಜಸ್ಥಾನದ ಖೇತ್ರಿ, ಈ ಎಲ್ಲ ಕಡೆಗಳಲ್ಲಿ ಆಧುನಿಕ ಶೋಧಕರಿಗೆ ದಾರಿ ತೋರಿಸಿದ್ದು ಹೆಸರು ಗೊತ್ತಿಲ್ಲದ ಹಿಂದಿನವರು ತೋಡಿಟ್ಟ ಗುಳಿಗಳು. ಇಂಗಳದಾಳಿನಲ್ಲಿಯೂ ಹಾಗೆಯೇ. ಅವರು ಹಸಿರು ಕಲೆಯ ಜಾಡು ಹಿಡಿದು, ಅದಿರು ಎಷ್ಟು ಅಗಲವೋ ಅಷ್ಟೇ ಅಗಲವಾಗಿ, ಒಬ್ಬ ಮನುಷ್ಯ ಒರಗಿಕೊಂಡು ಇಳಿಯುವಷ್ಟು ಸಂದಿನಲ್ಲಿ ಕಲ್ಲು ಕಡಿದಿದ್ದಾರೆ. ಸಿಡಿಮದ್ದು ಇಲ್ಲದ ಕಾಲದಲ್ಲಿ ಗಟ್ಟಿ ಬಂಡೆಗೆ ಸೌದೆ ಒಟ್ಟಿ ಬೆಂಕಿಯಿಡುವುದು, ಕಾದ ಕಲ್ಲಿಗೆ ನೀರೆರಚಿ ಸೀಳುವುದು, ಕಲ್ಲಿನ ಸುತ್ತಿಗೆಯಿಂದ ಒಡೆಯುವುದು ಲೋಕದ ಹಲವೆಡೆ ಇದ್ದ ಪದ್ಧತಿ. ಹೊರತೆಗೆದ ಅದಿರನ್ನು ಇದ್ದಿಲಿನೊಂದಿಗೆ ಕುಲುಮೆಗೆ ತುಂಬಿ ತಿದಿಯೊತ್ತಬೇಕು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕಣ್ಣಿನಿಂದ ಬೆಂಕಿಯ ಬಣ್ಣ ನೋಡಿ ಆ ಕಾವನ್ನು ಹಿಡಿದಿಟ್ಟವರ ಕೈಚಳಕವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಕುಲುಮೆಯಲ್ಲಿ ತಾಮ್ರದಿಂದ ಬೇರ್ಪಟ್ಟು ಹರಿದುಹೋಗುವ ಕಪ್ಪು ಗಾಜಿನಂತಹ ವಸ್ತುವೇ ಕಿಟ್ಟ. ನೋಡಲು ಸಾಮಾನ್ಯ ಕಲ್ಲು; ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಮೇಲ್ಮೈ ಮೇಲೆ ಬೆಲ್ಲದ ಪಾಕ ಹರಿದು ಹೆಪ್ಪುಗಟ್ಟಿದಂತಹ ಮಡಿಕೆಗಳು, ಒಡೆದಲ್ಲಿ ಸೂಜಿಮೊನೆಯಷ್ಟು ಹಸಿರು ಚುಕ್ಕೆಗಳು. ಅಂತಹ ಒಂದು ತುಂಡಿನಲ್ಲಿ ಇದ್ದಿಲಿನ ಚೂರು ಸಿಕ್ಕಿಹಾಕಿಕೊಂಡಿದ್ದರೆ, ರೇಡಿಯೋಕಾರ್ಬನ್ ಪರೀಕ್ಷೆಯಿಂದ ಆ ಕುಲುಮೆ ಉರಿದ ಕಾಲವನ್ನೇ ಹೇಳಬಹುದು. ಹಟ್ಟಿ ಚಿನ್ನದ ಗಣಿಯ ಆಳದ ಹಳೆಯ ಗುಳಿಯಲ್ಲಿ ದೊರೆತ ಮರದ ತುಂಡು ಇದೇ ಬಗೆಯ ಪರೀಕ್ಷೆಯಿಂದ ಸುಮಾರು 2000 ವರ್ಷಗಳಷ್ಟು ಹಳೆಯದೆಂದು ತಿಳಿದು, ದಕ್ಷಿಣ ಭಾರತದ ಗಣಿಗಾರಿಕೆಯ ಚರಿತ್ರೆಯನ್ನೇ ಬದಲಿಸಿತು.

ಇಂಗಳದಾಳಿನ ಸುತ್ತಣ ನೆಲ ಎಂತಹುದೆಂಬುದನ್ನೂ ತಾವು ಗಮನಿಸಬೇಕು. ಚಿತ್ರದುರ್ಗಕ್ಕೆ ಅಂಟಿಕೊಂಡಂತಿರುವ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಅಲ್ಲಿ ದೊರೆತಿವೆ. ಕದಂಬ ಮಯೂರಶರ್ಮನ ಶಾಸನವಿರುವುದೂ ಅಲ್ಲಿಯೇ. ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. ಇಷ್ಟು ಹಳೆಯ ಜನವಸತಿಯ ನಡುವೆ ಒಂದು ತಾಮ್ರದ ಗುಡ್ಡವಿದೆ. ಆ ಜನರು ಬಳಸಿದ ತಾಮ್ರ ಯಾವ ಗುಡ್ಡದ್ದು ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ವಿಧಾನ ಇಂದು ನಮ್ಮ ಬಳಿ ಇದೆ: ವಸ್ತುವಿನೊಳಗಿನ ಸೀಸದ ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣವನ್ನು ಅದಿರಿನ ಪ್ರಮಾಣದೊಡನೆ ಹೋಲಿಸಿ ನೋಡಬಹುದು. ಆದರೆ ಹೋಲಿಸಲು ಗುಡ್ಡದ ಹಳೆಯ ಅದಿರು, ಹಳೆಯ ಕಿಟ್ಟ, ಹಳೆಯ ಗುಳಿ ಇದ್ದಲ್ಲೇ ಇರಬೇಕು. ಎಲ್ಲಿಂದ ಬಂತೆಂದು ತಿಳಿಯದ ಕಿಟ್ಟದ ತುಂಡು ಪುರಾತತ್ವಕ್ಕೆ ಬರಿಯ ಕಲ್ಲು.

ಆಧುನಿಕ ಗಣಿಯ ಕತೆಯೂ ಮರೆಯಬೇಕಾದದ್ದಲ್ಲ. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯವರು ಗುಡ್ಡದಿಂದ ಗುಡ್ಡಕ್ಕೆ ನಡೆದು, ಕಲ್ಲು ಕಲ್ಲನ್ನೂ ಒಡೆದು ನೋಡಿ ರಾಜ್ಯದ ಖನಿಜ ನಕ್ಷೆಯನ್ನು ಬರೆದರು. ಆ ದುಡಿಮೆಯ ಮುಂದುವರಿಕೆಯಾಗಿ ಇಂಗಳದಾಳಿನಲ್ಲಿ ರಾಜ್ಯ ಸರ್ಕಾರದ ಒಡೆತನದಲ್ಲಿ ಗಣಿ ನಡೆಯಿತು. ಶಾಫ್ಟ್ ಎಂಬ ಬಾವಿಯಂತಹ ದಾರಿ ಇಳಿಯಿತು, ಒಂದರ ಕೆಳಗೊಂದು ಅಡ್ಡ ಸುರಂಗಗಳಾಗಿ ಲೆವೆಲ್‌ಗಳು ತೆರೆದವು, ಪಕ್ಕದಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು, ನೊರೆಯಲ್ಲಿ ತೇಲಿಸಿ ತಾಮ್ರದ ಸಾಂದ್ರ ತೆಗೆಯುವ ಕಾರ್ಖಾನೆ ಎದ್ದಿತು. ಇಂತಹ ಅದಿರಿನಲ್ಲಿ ತಾಮ್ರ ಸಾಮಾನ್ಯವಾಗಿ ಶೇಕಡ 1ರ ಆಸುಪಾಸಿನಲ್ಲಿರುತ್ತದೆ. ಆಳಕ್ಕೆ ಹೋದಂತೆ ಖರ್ಚು ಏರುತ್ತದೆ. ಲೋಹದ ಬೆಲೆ ಲಂಡನ್ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಸಣ್ಣ ಗಣಿಗಳು ಈ ಎರಡರ ನಡುವೆ ಸಿಕ್ಕಿ ನಿಲ್ಲುತ್ತವೆ. ಇಂಗಳದಾಳೂ ನಿಂತಿತು.

ಅಲ್ಲಿ ಒಳಗೆ ದುಡಿದಿದ್ದ ಹಿರಿಯರೊಬ್ಬರ ಪರಿಚಯ ನನಗಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ವಿದ್ಯಾರ್ಥಿಗಳ ಮುಂದೆ ಅವರು ಕೋಲಿನಿಂದ ನೆಲದ ಮೇಲೆ ಒಂದು ಲೆವೆಲ್‌ನ ಗೆರೆ ಎಳೆದರು, ಅದರ ತಿರುವುಗಳನ್ನು ತೋರಿಸಿದರು, ಒಂದು ಕಡೆ ಕೋಲನ್ನು ಊರಿ ನಿಲ್ಲಿಸಿದರು. ‘ಇಲ್ಲಿ ಕಲ್ಲು ಬೆವರ್ತಿತ್ತು ಮೇಷ್ಟ್ರೆ. ಮುಟ್ಟಿದ್ರೆ ತಣ್ಣಗೆ. ಇದ್ರಾಚೆ ಹಳೇ ಗುಳಿ ಐತೆ, ನೀರ್ ತುಂಬ್ಕೊಂಡೈತೆ ಅಂತ ನಮ್ಗೆ ಗೊತ್ತಾಗೋದು. ಅಲ್ಲಿಗೆ ಕೆಲ್ಸ ನಿಲ್ಸೋರು’ ಎಂದರು. ಮೇಲ್ಛಾವಣಿಯ ಕಲ್ಲಿಗೆ ಹಾರೆಯಿಂದ ತಟ್ಟಿದಾಗ ಕೇಳುವ ಗಟ್ಟಿ ಸದ್ದಿಗೂ ಪೊಳ್ಳು ಸದ್ದಿಗೂ ಇರುವ ವ್ಯತ್ಯಾಸವನ್ನು ಬಾಯಿಂದಲೇ ಮಾಡಿ ತೋರಿಸಿದರು. ಆ ದಿನ ನನ್ನ ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಯಲ್ಲಿ ಇದ್ದದ್ದರಲ್ಲಿ ಎಷ್ಟು ಭಾಗ ಸರ್ಕಾರಿ ದಾಖಲೆಯಲ್ಲಿದೆ ಎಂದು ತಿಳಿಯುವ ಆಸೆಯಿಂದಲೇ ನನ್ನ ಅಲೆದಾಟ ಆರಂಭವಾಯಿತು.

ಒಂದು ಕಚೇರಿಗೆ ಹೋಗಿ, ಗಣಿಯ ಲೆವೆಲ್ ನಕ್ಷೆಗಳನ್ನು ನೋಡಲು ಅನುಮತಿ ಕೋರಿ ಅರ್ಜಿ ಕೊಟ್ಟೆ. ಮೊದಲ ಸಲ, ಸಂಬಂಧಪಟ್ಟವರು ರಜೆಯಲ್ಲಿದ್ದರು. ಎರಡನೆಯ ಸಲ, ಅರ್ಜಿಯನ್ನು ಬೇರೆ ಕಚೇರಿಗೆ ಕಳುಹಿಸಲಾಗಿದೆಯೆಂಬ ಉತ್ತರ ಬಂತು. ಮೂರನೆಯ ಸಲ, ಸಹೃದಯಿ ಗುಮಾಸ್ತರೊಬ್ಬರು ನನ್ನನ್ನು ಒಂದು ಕೋಣೆಗೆ ಕರೆದೊಯ್ದರು. ಗೋಡೆಯ ಬದಿಗೆ ಒರಗಿಸಿದ್ದ ನಕ್ಷೆಯ ಸುರುಳಿಗಳನ್ನು ಗೆದ್ದಲು ಕೆಳಗಿನಿಂದ ತಿಂದಿತ್ತು. ಒಂದು ಸುರುಳಿಯನ್ನು ಬಿಚ್ಚಲು ಹೋದಾಗ ಅದು ಮಡಿಕೆಯ ಉದ್ದಕ್ಕೂ ಹರಿದು, ಕೈಯಲ್ಲಿ ಉಳಿದದ್ದು ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣದ ಗುರುತು ಇದ್ದ ಮೂಲೆಯೊಂದು ಮಾತ್ರ. ಅದು ಯಾವ ಗಣಿಯದೆಂದು ಹೇಳುವ ಹೆಸರಿನ ಭಾಗವೇ ಇರಲಿಲ್ಲ. ಗುಮಾಸ್ತರು ಬೇಸರಪಟ್ಟುಕೊಂಡರು, ಅವರ ತಪ್ಪಲ್ಲ. ಅದಾದ ಮೇಲೆ ಗುಡ್ಡಕ್ಕೆ ಹೋದಾಗ, ನಾನು ವರ್ಷಗಳಿಂದ ತೋರಿಸುತ್ತಿದ್ದ ಕಿಟ್ಟದ ಸಣ್ಣ ಗುಪ್ಪೆಯೂ ಇದ್ದಲ್ಲಿ ಇರಲಿಲ್ಲ. ಯಾರೋ ದಾರಿಯ ಹಳ್ಳ ತುಂಬಲು ಸಾಗಿಸಿದ್ದರು. ಅದು ಬೆಲೆಬಾಳುವ ವಸ್ತುವೆಂದು ಅವರಿಗೆ ಹೇಳುವ ಒಂದು ಫಲಕವೂ ಅಲ್ಲಿರಲಿಲ್ಲವಾದ್ದರಿಂದ, ಅವರನ್ನು ದೂರುವ ಮನಸ್ಸೂ ನನಗಿಲ್ಲ.

ಇದು ನನ್ನೊಬ್ಬನ ಅಕ್ಕರೆಯ ವಿಷಯವೆಂದು ತಾವು ಪಕ್ಕಕ್ಕೆ ಇಡಬಾರದೆಂದು ಕೇಳಿಕೊಳ್ಳುತ್ತೇನೆ. ಹಳೆಯ ಗಣಿಯ ನಕ್ಷೆಯೆಂದರೆ ಜೀವದ ಪ್ರಶ್ನೆ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಬಳಿಯ ಚಾಸ್‌ನಾಲಾ ಕಲ್ಲಿದ್ದಲು ಗಣಿಯಲ್ಲಿ, ಮೇಲಿನ ಹಳೆಯ ಗುಳಿಗಳಲ್ಲಿ ನಿಂತಿದ್ದ ನೀರು ನುಗ್ಗಿ 375 ಮಂದಿ ಸತ್ತರು. ಎಲ್ಲಿ ಪೊಳ್ಳಿದೆ, ಎಲ್ಲಿ ನೀರಿದೆ ಎಂಬ ಲೆಕ್ಕ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಗಳದಾಳಿಗೆ ನಾಳೆ ಪರವಾನಗಿ ಪಡೆದು ಬರುವವರಿಗೆ, ಆ ಹಿರಿಯರು ಕೋಲೂರಿ ತೋರಿಸಿದ ಜಾಗ ಯಾವ ನಕ್ಷೆಯಲ್ಲಿ ಸಿಗುತ್ತದೆ? ಹಳೆಯ ಡ್ರಿಲ್ ಕೋರುಗಳ ಮಾತೂ ಇದೇ. ನೆಲದಾಳದಿಂದ ಎತ್ತಿದ ಒಂದೊಂದು ಅಡಿ ಕಲ್ಲಿನ ಕಂಬಕ್ಕೂ ಸಾರ್ವಜನಿಕರ ಹಣ ಖರ್ಚಾಗಿದೆ. ಆ ಪೆಟ್ಟಿಗೆಗಳು ಉಳಿದಿದ್ದರೆ, ಹೊಸದಾಗಿ ಕೊರೆಯುವ ಎಷ್ಟೋ ರಂಧ್ರಗಳ ಅಗತ್ಯವೇ ಇರುವುದಿಲ್ಲ.

ಇನ್ನೊಂದು ವಿಷಯ ನೀರಿನದು. ನೂರು ಟನ್ ಅದಿರು ಅರೆದರೆ ತೊಂಬತ್ತು ಟನ್‌ಗೂ ಹೆಚ್ಚು ನುಣ್ಣನೆಯ ತ್ಯಾಜ್ಯವಾಗಿ ಉಳಿಯುತ್ತದೆ. ಅದರಲ್ಲಿ ಪೈರೈಟ್ ಇದ್ದರೆ ಮಳೆನೀರು ಮತ್ತು ಗಾಳಿ ಸೇರಿ ಅದನ್ನು ಗಂಧಕಾಮ್ಲವಾಗಿ ಮಾಡಬಲ್ಲವು. ಆಮ್ಲದ ನೀರು ತಾಮ್ರವನ್ನು ಕರಗಿಸಿ ಒಯ್ಯಬಲ್ಲದು. ಇದು ಲೋಕದ ಎಲ್ಲ ಸಲ್ಫೈಡ್, ಅಂದರೆ ಗಂಧಕ ಸೇರಿದ ಅದಿರಿನ, ಗಣಿಗಳ ಸಹಜ ಗುಣ. ಇಂಗಳದಾಳಿನ ಸುತ್ತ ನೀರು ಕೆಟ್ಟಿದೆಯೆಂದು ನಾನು ಆರೋಪಿಸುತ್ತಿಲ್ಲ. ಆದರೆ ಚಿತ್ರದುರ್ಗ ಮಳೆ ಕಡಿಮೆಯ ಜಿಲ್ಲೆ. ಅಲ್ಲಿ ಒಂದೊಂದು ಬಾವಿಗೂ ಬೆಲೆಯಿದೆ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಮಾತ್ರ ಆಗಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಹೊಸ ಕೆಲಸ ಆರಂಭವಾಗುವ ಮುನ್ನ ಇಂದಿನ ಸ್ಥಿತಿ ಏನೆಂದು ಅಳೆದಿಡದೆ ಹೋದರೆ, ಮುಂದೆ ಏನಾದರೂ ಕೆಟ್ಟಾಗ ಯಾರ ಕಾಲದಲ್ಲಿ ಕೆಟ್ಟಿತೆಂದು ಯಾರೂ ಹೇಳಲಾರರು.

ಇಂತಹ ಕೆಲಸ ಸಾಧ್ಯವೇ ಎಂದು ತಾವು ಕೇಳಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಗ್ರೇಟ್ ಓರ್ಮ್ ಎಂಬ ಸಮುದ್ರದಂಚಿನ ಗುಡ್ಡವಿದೆ. 1987ರಲ್ಲಿ ಅಲ್ಲಿ ವಾಹನ ನಿಲ್ದಾಣಕ್ಕಾಗಿ ನೆಲವನ್ನು ಸರಿಪಡಿಸುವ ಯೋಜನೆ ನಡೆಯುತ್ತಿದ್ದಾಗ ತಾಮ್ರದ ಹಳೆಯ ಸುರಂಗಗಳು ಕಾಣಿಸಿಕೊಂಡವು. ಕೆಲಸ ಮುಂದುವರಿಸಿ ಮುಚ್ಚಿಬಿಡಬಹುದಿತ್ತು. ಅವರು ನಿಂತರು, ಅಳೆದರು. ಆರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗಗಳ ಜಾಲ, ಸಾವಿರಾರು ಮೂಳೆಯ ಉಪಕರಣಗಳು, ಕಲ್ಲಿನ ಸುತ್ತಿಗೆಗಳು ದೊರೆತು, ಅದು ಸುಮಾರು 3500 ವರ್ಷಗಳಷ್ಟು ಹಿಂದಿನ ಕಂಚಿನ ಯುಗದ ಗಣಿಯೆಂದು ತಿಳಿಯಿತು. 1991ರಿಂದ ಜನರು ಅದರೊಳಗೆ ಇಳಿದು ನೋಡುತ್ತಿದ್ದಾರೆ. ಅಲ್ಲಿನ ಹಸಿರು ಕಲೆ ನಮ್ಮ ಗುಡ್ಡದ ಹಸಿರು ಕಲೆಯೇ, ಅದೇ ಮ್ಯಾಲಕೈಟ್.

ಆದ್ದರಿಂದ ನನ್ನ ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ. ಇಂಗಳದಾಳ್ ಗಣಿಗೆ ಸಂಬಂಧಿಸಿದ ನಕ್ಷೆ, ಅಡ್ಡಕೊಯ್ತ, ವಿಶ್ಲೇಷಣೆಯ ಪುಸ್ತಕಗಳು ಎಲ್ಲೆಲ್ಲಿ ಹಂಚಿಹೋಗಿವೆಯೋ ಅಲ್ಲಿಂದ ಒಟ್ಟುಗೂಡಿಸಿ, ಈ ವರ್ಷವೇ ಸ್ಕ್ಯಾನ್ ಮಾಡಿಸಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿರಿ. ಉಳಿದಿರುವ ಡ್ರಿಲ್ ಕೋರುಗಳನ್ನು ಸೂರಿನಡಿಗೆ ತಂದು ಪಟ್ಟಿ ಮಾಡಿರಿ. ಗುಡ್ಡದ ಮೇಲಿನ ಹಳೆಯ ಗುಳಿಗಳನ್ನೂ ಕಿಟ್ಟದ ನೆಲೆಗಳನ್ನೂ ಪುರಾತತ್ವಜ್ಞರು ಮತ್ತು ಭೂವಿಜ್ಞಾನಿಗಳು ಒಟ್ಟಿಗೆ ನಡೆದು ಗುರುತಿಸಬೇಕು. 1961ರ ರಾಜ್ಯ ಪುರಾತತ್ವ ಕಾಯ್ದೆಯ ಅಡಿಯಲ್ಲಿ ರಕ್ಷಣೆಗೆ ಅರ್ಹವಾದವು ಯಾವುವೆಂದು ನಿರ್ಧರಿಸಬೇಕು. ಈ ಸಮೀಕ್ಷೆ ಮುಗಿಯುವವರೆಗೆ ಗುಡ್ಡದ ಈ ಭಾಗದಲ್ಲಿ ಹೊಸ ಕೊರೆತಕ್ಕೆ ಅನುಮತಿ ಕೊಡಬೇಡಿ. ಕೊಟ್ಟ ಮೇಲೂ ಗುರುತಿಸಿದ ಜಾಗಗಳನ್ನು ಪರವಾನಗಿಯ ಷರತ್ತಿನಲ್ಲೇ ಹೊರಗಿಡಿರಿ. ತೆರೆದಿರುವ ಬಾಯಿಗಳಿಗೆ, ಒಳಗಿನ ರಚನೆ ಹಾಳಾಗದಂತೆ, ಬೇಲಿ ಹಾಕಿಸಿರಿ. ಮಣ್ಣು ಸುರಿದು ಮುಚ್ಚಬೇಡಿ. ಸುತ್ತಣ ಬಾವಿ ಮತ್ತು ಕೊಳವೆಬಾವಿಗಳ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಿರಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ.

ಕೊನೆಯದಾಗಿ, ಮತ್ತು ಇದನ್ನು ತಡಮಾಡಬಾರದೆಂದು ಕೈಮುಗಿದು ಕೇಳುತ್ತೇನೆ: ಒಳಗೆ ದುಡಿದವರ ಮಾತನ್ನು ದಾಖಲಿಸಿರಿ. ಅವರಲ್ಲಿ ಉಳಿದವರು ಕಡಿಮೆ, ಉಳಿದವರಿಗೆ ವಯಸ್ಸಾಗಿದೆ. ನನ್ನ ಬಳಿ ಎಲ್ಲ ವರ್ಷಗಳ ಕ್ಷೇತ್ರ ಟಿಪ್ಪಣಿ ಪುಸ್ತಕಗಳಿವೆ, ಅವುಗಳನ್ನು ತಮಗೆ ಒಪ್ಪಿಸುತ್ತೇನೆ. ಒಬ್ಬ ಸರ್ವೇಯರ್‌ನನ್ನೂ ಒಂದು ಧ್ವನಿಮುದ್ರಣ ಯಂತ್ರವನ್ನೂ ಕಳುಹಿಸಿಕೊಡಿ. ಕಲ್ಲು ಬೆವರುತ್ತಿದ್ದ ಜಾಗದ ನೇರಕ್ಕೆ ಗುಡ್ಡದ ಮೇಲೆ ಎಲ್ಲಿ ನಿಲ್ಲಬೇಕೆಂದು ಆ ಹಿರಿಯರಿಗೆ ಇನ್ನೂ ನೆನಪಿದೆ. ಅವರ ಮೊಮ್ಮಗನ ಹೆಗಲು ಹಿಡಿದುಕೊಂಡು ಗುಡ್ಡ ಹತ್ತಿ ತೋರಿಸಲು ಅವರು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ